ಒಂದನೇ ಸೀಡಿಗೆ ಮೀಸಲಾದ ಕುರ್ಚಿ

ಮೂವತ್ತೊಂದು ವರ್ಷ ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಇದು ಕಾಗದದಲ್ಲಿದ್ದ ಹೆಸರು. ಕನಕಪುರದ ಬೀದಿಯಲ್ಲಿ ನಾನು ಪೀಟಿ ಮೇಷ್ಟ್ರು. ಶಾಲೆಯೊಳಗೆ ನನ್ನನ್ನು 'ಸರ್' ಎಂದು ಕರೆಯುತ್ತಿದ್ದುದು ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಮಾತ್ರ. ಅವರ ತರಗತಿಯ ಗದ್ದಲ ಅಡಗಿಸುವಷ್ಟು ದೊಡ್ಡ ಗಂಟಲು ಬೇರೆ ಯಾರಿಗೂ ಇರಲಿಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮನೆಗೆ ಬಂದು, ನಿಮ್ಮ ಅನುಭವದಿಂದ ಏನಾದರೂ ಹೇಳಿ ಎನ್ನುತ್ತಾರೆ. ಓಡುವುದು, ಹಾರುವುದು, ಎಸೆಯುವುದು ಎಲ್ಲವನ್ನೂ ತರಬೇತಿ ಕಾಲೇಜು ನಿಮಗೆ ಕಲಿಸಿರುತ್ತದೆ. ನಾನು ಹೇಳುವುದು ಒಂದು ಇಂಗ್ಲಿಷ್ ಪದದ ವಿಚಾರ. 'ಸೀಡ್' ಎಂಬುದು ಆ ಪದ. ಕ್ರೀಡಾಕೂಟದಲ್ಲಿ ಇದನ್ನು ಉಚ್ಚರಿಸದ ಗಣ್ಯರಿಲ್ಲ. ತಿಳಿದುಕೊಂಡ ಗಣ್ಯರನ್ನು ನಾನಂತೂ ಕಂಡಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ರಾಮನಗರ ಎಂಬ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ನಾವೆಲ್ಲ ಬೆಂಗಳೂರಿಗೆ ಸೇರಿದವರು. ತಾಲ್ಲೂಕು ಕ್ರೀಡಾಕೂಟದಲ್ಲಿ ಯಾವ ಶಾಲೆ ಯಾವ ಶಾಲೆಯ ಎದುರು ಆಡಬೇಕೆಂಬುದನ್ನು ಒಂದು ಹಿತ್ತಾಳೆ ಚೊಂಬು ತೀರ್ಮಾನಿಸುತ್ತಿತ್ತು. ಶಾಲೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಚೊಂಬಿಗೆ ಹಾಕಿ, ಅದರ ಕೊರಳಿಗೊಂದು ಹೂವಿನ ಹಾರ ಸುತ್ತಿ, ಮುಖ್ಯ ಅತಿಥಿಗಳ ಮುಂದೆ ಹಿಡಿಯುವುದು. ಅವರು ಕಣ್ಣು ಮುಚ್ಚಿ, ಮುಖವನ್ನು ಆಕಾಶಕ್ಕೆತ್ತಿ, ಎರಡೆರಡು ಚೀಟಿ ತೆಗೆಯುವುದು. ಸೋತರೆ ಮನೆಗೆ, ಗೆದ್ದರೆ ಮುಂದಿನ ಸುತ್ತಿಗೆ. ಈ ಕ್ರಮವನ್ನು ನಾನು ಹನ್ನೊಂದು ವರ್ಷ ಭಯಭಕ್ತಿಯಿಂದ ಪಾಲಿಸಿದೆ. ಚೊಂಬು ತೊಳೆದು ಹುಣಸೆಹಣ್ಣಿನಲ್ಲಿ ಬೆಳಗುವುದು ನನ್ನದೇ ಕರ್ತವ್ಯವಾಗಿತ್ತು.

ಹನ್ನೆರಡನೆಯ ವರ್ಷ ಹುಡುಗಿಯರ ಖೋಖೋಗೆ ಎಂಟು ತಂಡ ಬಂದವು. ಅವುಗಳಲ್ಲಿ ಆಟ ಬಲ್ಲವು ಎರಡೇ. ಒಂದು ನಮ್ಮ ಪಟ್ಟಣದ ಶಾಲೆ. ಇನ್ನೊಂದು ಕೋಡಿಹಳ್ಳಿಯಿಂದಾಚೆ ಒಂದು ದೊಡ್ಡಿಯ, ಎಂದರೆ ಪುಟ್ಟ ಹಳ್ಳಿಯ, ಶಾಲೆ. ಅಲ್ಲಿ ಆಟದ ಬಯಲಿರಲಿಲ್ಲ, ಕಟಾವಾದ ರಾಗಿ ಹೊಲದಲ್ಲಿ ಅಭ್ಯಾಸ. ಆ ತಂಡದಲ್ಲಿ ಚಿಕ್ಕತಾಯಮ್ಮ ಎಂಬ ಒಂಬತ್ತನೇ ತರಗತಿಯ ಹುಡುಗಿ ಇದ್ದಳು. ಓಡುವವಳನ್ನು ಮುಟ್ಟಲು ಕಂಬದ ಬಳಿ ಅವಳು ಮುಂದಕ್ಕೆ ಬೀಳುತ್ತಿದ್ದ ರೀತಿ ನೋಡಿದರೆ ನೆಲ ಇವಳಿಗೆ ಸಂಬಂಧಿಕರೇ ಎಂದು ಕೇಳಬೇಕು ಅನಿಸುತ್ತಿತ್ತು. ಬೆಳಗಿದ ಚೊಂಬಿನಿಂದ ಅತಿಥಿಗಳು ತೆಗೆದ ಮೊದಲ ಎರಡು ಚೀಟಿ: ನಾವು ಮತ್ತು ಅವರು.

ಬೆಳಿಗ್ಗೆ ಒಂಬತ್ತಕ್ಕೆ ಆಟ. ನಾವು ಒಂದು ಪಾಯಿಂಟಿನಲ್ಲಿ ಗೆದ್ದೆವು. ಮಧ್ಯಾಹ್ನದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಎದುರಾಳಿಗಳನ್ನು ಹದಿನಾಲ್ಕು ಪಾಯಿಂಟಿನಲ್ಲಿ ಸೋಲಿಸಿದರು. ಕೊನೆಯ ಹೊತ್ತಿಗೆ ಎರಡೂ ಕಡೆಯವರಿಗೆ ನಾಚಿಕೆಯಾಗುತ್ತಿತ್ತು. ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವ ಅಧಿಕಾರಿ ಜೀಪಿನಲ್ಲಿ ಬಂದದ್ದು ಫೈನಲ್ ಹೊತ್ತಿಗೆ. ಅವರು ಬರುತ್ತಿದ್ದುದೇ ಹಾಗೆ. ಫೈನಲ್ ಆಡಿದವರಲ್ಲಿ ಇಬ್ಬರನ್ನೋ ಮೂವರನ್ನೋ ಬರೆದುಕೊಂಡು, ಎಳನೀರು ಕುಡಿದು, ಕಬ್ಬಾಳಮ್ಮನ ದರ್ಶನಕ್ಕೆಂದು ಹೊರಟುಹೋದರು. ತಾಲ್ಲೂಕಿನಲ್ಲೇ ಚೆನ್ನಾಗಿ ಆಡಿದ ಹುಡುಗಿ ಆಗ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳು.

ಅವಳ ಅಪ್ಪ ಕೆಂಪಯ್ಯನೂ ಬಂದಿದ್ದ. ಟವಲಿನಿಂದ ಮುಖ ಒರೆಸಿಕೊಂಡು ನನ್ನ ಬಳಿ ಬಂದ.

"ಅಲ್ಲ ಸ್ವಾಮಿ, ಗಟ್ಟಿ ಟೀಮು ಇದ್ದದ್ದು ಎರಡೇಯ. ಎರಡನ್ನೂ ಬೆಳಿಗ್ಗೆ ಬೆಳಿಗ್ಗೇನೇ ಕಚ್ಚಾಡಕ್ಕೆ ಬುಟ್ರಲ್ಲ?"

"ಚೀಟೀಲಿ ಬಂತು ಕೆಂಪಯ್ಯ. ದೇವರ ಇಚ್ಛೆ."

"ದೇವ್ರು ಹೊಲಕ್ಕೆ ಬಂದು ಬಿತ್ತಾನಾ? ಬಿತ್ತೋರು ನಾವು. ಅವನು ಮಳೆ ಕೊಟ್ರೆ ಸಾಕು."

ಆಮೇಲೆ ಅವನು ನೆಲದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ನಾನು ಸುಣ್ಣದಲ್ಲಿ ಎಳೆದಿದ್ದ ಗೆರೆಯ ಪಕ್ಕ ಬೆರಳಿನಿಂದ ಗೆರೆ ಎಳೆಯತೊಡಗಿದ. "ನೋಡಿ, ಕೂರಿಗೇಲಿ ಆರು ಸಾಲು ರಾಗಿ. ಆಮೇಲೆ ಒಂದು ಅಕ್ಕಡಿ ಸಾಲು, ಅವರೆ. ಮತ್ತೆ ಆರು ಸಾಲು ರಾಗಿ. ಆಮೇಲೆ ಇನ್ನೊಂದು ಅಕ್ಕಡಿ, ತೊಗರಿ. ಇವೆರಡೂ ಹಬ್ಬೋ ಜಾತಿ. ಪಕ್ಕಪಕ್ಕ ಹಾಕುದ್ರೆ ಒಂದುನ್ನೊಂದು ಅಮುಕ್ತವೆ. ಸುಗ್ಗೀಲಿ ನೋಡಕ್ಕೆ ಏನೂ ಇರಾಕಿಲ್ಲ. ನಮ್ಮಟ್ಟೀಲಿ ಅಕ್ಕಡಿ ಬೀಜ ಬುಡೋಳು ಇವಳೇಯ. ಕೇಳಿ ಬೇಕಾದ್ರೆ."

ಚಿಕ್ಕತಾಯಮ್ಮ ಮೊಣಕಾಲಿನ ಗಾಯಕ್ಕೆ ಅಂಟಿದ್ದ ಮಣ್ಣನ್ನು ಉಗುರಿನಿಂದ ತೆಗೆಯುತ್ತಿದ್ದಳು. ಬಸ್ಸು ಬಂತು, ಹೋದರು. ಹತ್ತು ಮುಗಿದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಇನ್ನೊಂದೇ ಕ್ರೀಡಾಕೂಟ ಉಳಿದಿತ್ತು.

ಇನ್ನು ಪದದ ವಿಚಾರ. ಆ ವರ್ಷ ನನ್ನ ತಲೆಯಲ್ಲಿ ಒಂದು ಅದ್ಭುತ ಯೋಜನೆ ಹುಟ್ಟಿತ್ತು: ರಿಲೇ ಓಟದ ಕೋಲುಗಳನ್ನು ಚನ್ನಪಟ್ಟಣದಲ್ಲಿ ಮಾಡಿಸುವುದು. ಪೇಟೆಯಿಂದ ತರಿಸಿದವು ಸಿಬಿರು ಬಿಟ್ಟಿದ್ದವು. ಚನ್ನಪಟ್ಟಣದಲ್ಲಿ ರಹೀಂ ಸಾಬರೆಂಬ ಹಿರಿಯರು ಮನೆಯ ಮುಂದಿನ ಅಂಗಳದಲ್ಲೇ ಬೊಂಬೆ ಕಡೆಯುತ್ತಿದ್ದರು. ಆಲೆ ಮರದ ಕೋಲು, ಅದಕ್ಕೆ ಕೆಂಪು, ಹಳದಿ, ಹಸಿರು ಅರಗು, ತಾಳೆಗರಿಯಿಂದ ತಿಕ್ಕಿ ತಂದ ಹೊಳಪು. ಕ್ರೀಡಾಕೂಟದ ಬಹುಮಾನಕ್ಕಿಂತ ಆ ಕೋಲುಗಳೇ ಚೆನ್ನಾಗಿದ್ದವು. ಓಟ ಶುರುವಾಯಿತು. ಮೊದಲ ಕೈಬದಲಿಯಲ್ಲಿ, ಬೆವರಿದ ಕೈಗಳಿಂದ, ನಾಲ್ಕು ತಂಡದ ನಾಲ್ಕೂ ಕೋಲುಗಳು ಜಾರಿ ನೆಲಕ್ಕೆ ಬಿದ್ದವು. ಒಂದು ಉರುಳಿಕೊಂಡು ಅತಿಥಿಗಳ ಮೇಜಿನವರೆಗೂ ಹೋಯಿತು. ಅವರು ಅದನ್ನೆತ್ತಿ ತಿರುಗಿಸಿ ನೋಡಿ, "ಚೆನ್ನಾಗಿದೆ, ಮೊಮ್ಮಗನಿಗೆ ಆಗುತ್ತೆ" ಎಂದು ಚೀಲದಲ್ಲಿಟ್ಟುಕೊಂಡರು.

ಉಳಿದ ಮೂರನ್ನು ಹಿಡಿದು ನಾನು ಸಾಬರಲ್ಲಿಗೆ ಹೋದೆ, ಅರಗು ಕೆರೆಸಲು. ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ಅರೆ ಮೇಷ್ಟ್ರೇ, ಓಡೋದಕ್ಕೆ ಅಂತ ಒಂದು ಮಾತು ಹೇಳ್ಬಾರ್ದಾ? ಷೋಕೇಸಿಗೆ ಇಡೋಕೆ ಅಂದ್ಕೊಂಡೆ ನಾನು."

ನಾನು ಕ್ರೀಡಾಕೂಟದ ಕಥೆಯನ್ನೂ, ಚೊಂಬಿನ ಕಥೆಯನ್ನೂ ಹೇಳಿದೆ. ಸಾಬರು ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಟೆನಿಸ್ ಮಾರ್ಕರ್ ಆಗಿದ್ದವರು. ಎಂದರೆ ಅಂಕಣ ನೋಡಿಕೊಂಡು, ಜೊತೆ ಸಿಗದ ಸದಸ್ಯರ ಎದುರು ತಾವೇ ಆಡಿ, ಅವರಿಗೆ ಬೇಸರವಾಗದ ಹಾಗೆ ಸೋಲುತ್ತಿದ್ದವರು. ಅವರು ಬೊಂಬೆ ಕಡೆಯುವ ಲೇತು ನಿಲ್ಲಿಸಿದರು.

"ಹಂಗಾಗ್ಬಾರ್ದು ಅಂತಾನೇ ನಮ್ಮ ಕ್ಲಬ್ಬಲ್ಲಿ ಸೀಡ್ ಮಾಡೋರು. ಸೆಕ್ರೆಟರಿ ಸಾಹೇಬ್ರು ಚೀಟಿಗಳನ್ನ ಮೇಜಿನ ಮೇಲೆ ಹರಡೋರು. ಮಾಲಿ ಪಾತೀಲಿ ಬೀಜ ಹಾಕ್ತಾನಲ್ಲ, ಹಂಗೆ. ದೊಡ್ಡ ಗಿಡ ಆಗೋದು ಈ ಮೂಲೇಲಿ ಒಂದು, ಆ ಮೂಲೇಲಿ ಒಂದು. ನಡುವೆ ಸಣ್ಣವು. ಯಾಕೆ? ಮೊದಲನೇ ದಿನವೇ ಒಳ್ಳೆ ಆಟಗಾರ ಇನ್ನೊಬ್ಬ ಒಳ್ಳೆ ಆಟಗಾರನ್ನ ತಿಂದ್ಬಿಟ್ರೆ, ಭಾನುವಾರ ಮೇಮ್‌ಸಾಬ್‌ಗಳು ನೋಡೋಕೆ ಏನು ಉಳೀತು? ಇದು ತೋಟದ ಮಾತು ಮೇಷ್ಟ್ರೇ. ದರ್ಬಾರಿನ ಮಾತಲ್ಲ."

ಆಮೇಲೆ ನಾನು ಶಾಲೆಯ ದೊಡ್ಡ ನಿಘಂಟನ್ನೂ ತೆರೆದೆ. ಬೀಜದ ಅರ್ಥಗಳೆಲ್ಲ ಮುಗಿದು ಕೊನೆಯಲ್ಲಿ, ಮದುವೆಮನೆಗೆ ಕರೆಯದೆ ಬಂದವನ ಹಾಗೆ, ಟೆನಿಸ್ ಆಟದ ಸೀಡ್ ಮುದುಡಿ ಕೂತಿತ್ತು. ಸಾಬರು ಹೇಳಿದ್ದೇ ಅಲ್ಲಿದ್ದುದು. ಇಂಗ್ಲಿಷಿನವರು ನೂರು ವರ್ಷದ ಹಿಂದೆ ಟೆನಿಸ್ ಆಡುತ್ತ ಕಂಡುಕೊಂಡು ಹೆಸರಿಟ್ಟದ್ದನ್ನು ಕೆಂಪಯ್ಯ ಹೆಸರಿನ ಗೋಜಿಲ್ಲದೆ ವರ್ಷ ವರ್ಷ ಮುಂಗಾರಿನಲ್ಲಿ ಮಾಡುತ್ತಿದ್ದ. ತರಬೇತಿ ಕಾಲೇಜಿನಲ್ಲಿ ಪ್ರಮಾಣಪತ್ರ ಪಡೆದ ನಾನೊಬ್ಬ ಚೊಂಬು ಬೆಳಗುತ್ತಿದ್ದೆ.

ಮುಂದಿನ ವರ್ಷದ ಪೂರ್ವಭಾವಿ ಸಭೆಯಲ್ಲಿ ನಾನು ಎದ್ದು ನಿಂತು, ಬಲವಾದ ನಾಲ್ಕು ತಂಡಗಳನ್ನು ಸೀಡ್ ಮಾಡಿ ದೂರ ದೂರ ಇಡಬೇಕೆಂದೂ ಉಳಿದವಕ್ಕೆ ಚೀಟಿ ಎತ್ತಬೇಕೆಂದೂ ವಿನಂತಿಸಿದೆ. ಇಷ್ಟು ಹೇಳಿ ಕೂತಿದ್ದರೆ ಚೆನ್ನಾಗಿತ್ತು. ಟೆನಿಸ್‌ನಲ್ಲಿ ದೊಡ್ಡ ದೊಡ್ಡವರನ್ನೆಲ್ಲ ಒಂದನೇ ಸೀಡ್, ಎರಡನೇ ಸೀಡ್ ಎನ್ನುತ್ತಾರೆ ಎಂದೂ ಸೇರಿಸಿದೆ. ಅದು ನನ್ನ ಜೀವಮಾನದ ತಪ್ಪು. 'ದೊಡ್ಡವರು' ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಎಂಟೂ ಮುಖ್ಯೋಪಾಧ್ಯಾಯರು ನೆಟ್ಟಗೆ ಕೂತರು.

ಒಬ್ಬರು ತಮ್ಮ ಶಾಲೆ ಸ್ವಾತಂತ್ರ್ಯಕ್ಕೆ ಮುಂಚಿನದು ಎಂದರು. ಇನ್ನೊಬ್ಬರು ಶಾಮಿಯಾನದ ವ್ಯವಸ್ಥೆ ಯಾರದು ಎಂದು ನೆನಪಿಸಿದರು. ನಮ್ಮ ಹೆಡ್‌ಮಾಸ್ಟರು ನಂಜುಂಡಯ್ಯನವರು, "ಆತಿಥೇಯರನ್ನ ಎರಡನೇ ಸ್ಥಾನದಲ್ಲಿ ಕೂರಿಸೋದು ನಮ್ಮ ಸಂಸ್ಕೃತೀಲಿ ಇಲ್ಲ" ಎಂದರು. ಯಾವ ತಂಡಕ್ಕೆ ಖೋಖೋ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅಂಥ ಕ್ಷುಲ್ಲಕ ವಿಚಾರಕ್ಕೆ ಸಭೆಯಲ್ಲಿ ಸಮಯವಿರಲಿಲ್ಲ.

ಅಧ್ಯಕ್ಷತೆ ವಹಿಸಿದ್ದ ದೈಹಿಕ ಶಿಕ್ಷಣ ಪರಿವೀಕ್ಷಕರು ನನ್ನ ಮೇಲಧಿಕಾರಿ. ಇವರು ಓಡಿದ್ದನ್ನು ಕಂಡವರು ಯಾರೂ ಇಲ್ಲ. ಓಡಿಸಿದ್ದನ್ನು ಕಂಡವರು ಬಹಳ. ಕೈಯೆತ್ತಿ ಗದ್ದಲ ನಿಲ್ಲಿಸಿ ಅವರು ತೀರ್ಪು ಕೊಟ್ಟರು: "ಪಕ್ಷಪಾತದ ಮಾತು ಬರಬಾರದು. ಮುಖ್ಯೋಪಾಧ್ಯಾಯರ ಸೇವಾ ಜ್ಯೇಷ್ಠತೆ ಪ್ರಕಾರ ಸೀಡ್ ಮಾಡಿ. ಪಟ್ಟಿ ಕಚೇರೀಲಿ ಇದೆ."

ಮಕ್ಕಳು ಓಡುವ ಕ್ರಮವನ್ನು ಹೆಡ್‌ಮಾಸ್ಟರು ಕೆಲಸಕ್ಕೆ ಸೇರಿದ ದಿನಾಂಕದಿಂದ ನಿರ್ಣಯಿಸುವ ಪದ್ಧತಿ ಜಗತ್ತಿನ ಬೇರೆ ಯಾವ ಕ್ರೀಡೆಯಲ್ಲೂ ಇಲ್ಲವೆಂದು ಕಾಣುತ್ತದೆ. ಅದು ನಮ್ಮ ತಾಲ್ಲೂಕಿನ ಕೊಡುಗೆ. ಸಭೆ ಅದನ್ನು ಸರ್ವಾನುಮತದಿಂದ ಅಂಗೀಕರಿಸಿ ಬೋಂಡಾ ತಿಂದಿತು.

ದೊಡ್ಡಿಯ ಶಾಲೆಯ ಕೆಲಸ ನೋಡುತ್ತಿದ್ದವರು ಶಿವರುದ್ರ ಎಂಬ ಪ್ರಭಾರ ಹೆಡ್‌ಮಾಸ್ಟರು. ತಾಲ್ಲೂಕಿಗೇ ಕಿರಿಯ, ಎಂದರೆ ಪಟ್ಟಿಯ ತಳ. ಚಿಕ್ಕತಾಯಮ್ಮ ಮತ್ತೆ ಚೊಂಬಿನ ಪಾಲು. ಆದರೆ ನಾನು ಆಫೀಸಿನ ಕಡತಗಳ ನಡುವೆಯೂ ಬದುಕಿದವನು. ಶಿವರುದ್ರ ಪ್ರಭಾರ ಮಾತ್ರ. ಆ ಹುದ್ದೆಯ ಮೂಲ ಹೆಡ್‌ಮಾಸ್ಟರು ನಿವೃತ್ತಿಗೆ ಮುಂಚಿನ ದೀರ್ಘ ರಜೆಯಲ್ಲಿದ್ದರು, ಮತ್ತು ಸೇವೆಯಲ್ಲಿ ಇಡೀ ತಾಲ್ಲೂಕಿಗೆ ಹಿರಿಯರು. ಹಿಂದೊಮ್ಮೆ ಯಾರದೋ ಬೇಡಿಕೆಯನ್ನು ತಳ್ಳಿಹಾಕುವಾಗ, ಪ್ರಭಾರದಲ್ಲಿರುವವನು ಜಾಗ ಕಾಯುವವನು ಅಷ್ಟೇ, ಹುದ್ದೆ ರಜೆಯಲ್ಲಿರುವವರದೇ ಎಂದು ಪರಿವೀಕ್ಷಕರೇ ಬರೆದಿದ್ದರು. ಆ ಕಾಗದವನ್ನು ಹುಡುಕಿ, ಎರಡೂ ಕೈಯಲ್ಲಿ ಹಿಡಿದು, ಪ್ರಸಾದದಂತೆ ಅವರ ಮೇಜಿನ ಮೇಲಿಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

"ಏನ್ರೀ ಇದು?"

"ತಮ್ಮ ಆದೇಶ ಸರ್."

"ಇದು ಸಂಬಳದ ವಿಚಾರಕ್ಕೆ ಬರೆದದ್ದು ಕಣ್ರೀ."

"ಜ್ಯೇಷ್ಠತೆ ಎಲ್ಲಿ ಹೋದ್ರೂ ಜ್ಯೇಷ್ಠತೆಯೇ ಸರ್. ತಾವೇ ಹೇಳಿದ್ರಿ, ಪಕ್ಷಪಾತದ ಮಾತು ಬರಬಾರದು ಅಂತ."

ಹೀಗೆ ಆಟದ ಬಯಲೇ ಇಲ್ಲದ ಶಾಲೆ ಒಂದನೇ ಸೀಡ್ ಆಯಿತು. ನಂಜುಂಡಯ್ಯನವರ ಸೇವೆ ಅದರ ನಂತರದ್ದು, ನಾವು ಎರಡು. ಆಟದ ಪಟ್ಟಿಯ ಮೇಲ್ತುದಿಯಲ್ಲಿ ಅವರು, ಕೆಳತುದಿಯಲ್ಲಿ ನಾವು, ಎದುರಾದರೆ ಫೈನಲ್‌ನಲ್ಲೇ. ಮೂರ್ಖ ದಾರಿಯಲ್ಲೇ ನಡೆದು ಸರಿಯಾದ ಊರು ಸೇರಿದ್ದೆ. ಆ ದಿನ ನನ್ನ ಬಗ್ಗೆ ನನಗಿದ್ದ ಗೌರವ ಆಮೇಲೆ ಯಾವತ್ತೂ ಅಷ್ಟಿರಲಿಲ್ಲ.

ಉಳಿದ ನಾಲ್ಕು ಶಾಲೆಗಳಿಗೆ ಚೊಂಬು ಬಂತು. ಒಂದನೇ ಸೀಡಿನ ಎದುರು ಬಂದ ಚೀಟಿ ಸಾತನೂರು ಕಡೆಯ ಒಂದು ಶಾಲೆಯದು. ಆ ವರ್ಷ ಅವರು ಬೆಳೆದಿದ್ದರು. ಹದಿನೈದು ದಿನದ ಹಿಂದಷ್ಟೇ ಅವರ ಅಭ್ಯಾಸ ನೋಡಿ ಬಂದಿದ್ದೆ. ನಿಜವಾಗಿ ಸೀಡ್ ಮಾಡಿದ್ದರೆ ಅವರು ಮೂರನೆಯವರು. ಬೇರೊಂದು ಮೂಲೆಯಲ್ಲಿ ಇರಬೇಕಾದವರು. ಮೂರನೇ ಸೀಡಿನ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೇವೆಯ ಹೆಡ್‌ಮಾಸ್ಟರೂ, ಖೋ ಎಂದರೆ ಎದ್ದು ನಿಂತು ಸುತ್ತ ನೋಡುವ ತಂಡವೂ ಇದ್ದವು. ನಾನು ಬಾಯಿ ತೆರೆಯಬಹುದಿತ್ತು. ತೆರೆದರೆ ಪಟ್ಟಿಯೆಲ್ಲ ಮತ್ತೆ ಚರ್ಚೆಗೆ ಬಂದು, ನನ್ನ ಒಂದನೇ ಸೀಡೂ ಜಾರಿಹೋಗಬಹುದು ಎನ್ನಿಸಿತು. ಪಟ್ಟಿಯನ್ನು ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಕ್ರೀಡಾಕೂಟದ ಬೆಳಿಗ್ಗೆ ನೋಡುತ್ತೇನೆ, ಪರಿವೀಕ್ಷಕರ ಆಜ್ಞೆಯಂತೆ ಖೋಖೋ ಅಂಕಣದ ಮುಂದೆ ಮೆತ್ತೆ ಹಾಕಿದ ಕುರ್ಚಿಯೊಂದನ್ನು ಇಟ್ಟಿದ್ದಾರೆ. ಬೆನ್ನಿಗೆ ರಟ್ಟು ಕಟ್ಟಿ 'ಒಂದನೇ ಸೀಡ್' ಎಂದು ಬರೆಸಲಾಗಿತ್ತು. ಅತ್ಯಂತ ಹಿರಿಯ ಹೆಡ್‌ಮಾಸ್ಟರು ಅಲ್ಲಿ ವಿರಾಜಮಾನರಾಗಬೇಕು. ಆ ಹಿರಿಯರಿಗೆ ತಾವು ಒಂದನೇ ಸೀಡ್ ಆದದ್ದೇ ತಿಳಿದಿರಲಿಲ್ಲ. ಅವರು ಊರಿನಲ್ಲಿ ಹಿಪ್ಪುನೇರಳೆಗೆ ನೀರು ಹಾಯಿಸುತ್ತಿದ್ದರು. ಖಾಲಿ ಕುರ್ಚಿ ಕಂಡು ಕೆಂಪಯ್ಯ ಬಂದು ಕೂತ.

ಪರಿವೀಕ್ಷಕರು ಓಡಿ ಬಂದರು. ಓಡಿದ್ದನ್ನು ನಾನು ಕಂಡದ್ದು ಅದೊಂದು ಸಲ.

"ಏಯ್, ಏಳಯ್ಯ ಮೇಲೆ! ಇದು ಯಾರ ಕುರ್ಚಿ ಗೊತ್ತಾ?"

"ಯಾರೂ ಇರ್ನಿಲ್ಲ ಬುದ್ಧಿ. ಕಾಲು ನೋಯ್ತಿತ್ತು, ಒಸಿ ಕೂತೆ."

"ಇದು ಒಂದನೇ ಸೀಡಿಂದು!"

"ಅದ್ಯಾರೋ ಬಂದ್ರೆ ಎದ್ದೇಳ್ತೀನಿ ಬುಡಿ. ಆಟ ಸುರುವಾಯ್ತು, ಒಸಿ ಆ ಕಡೆ ನಿಂತ್ಕಳಿ, ಮಗಳು ಕಾಣಾಕಿಲ್ಲ."

ಆಟ ಶುರುವಾಗಿತ್ತು. ಸಾತನೂರು ಕಡೆಯ ತಂಡದಲ್ಲಿ ಒಂದು ಸಣ್ಣ ಹುಡುಗಿ, ಎರಡು ಜಡೆಯನ್ನು ಕಿವಿಯ ಮೇಲೆ ಎತ್ತಿ ಕಟ್ಟಿಕೊಂಡವಳು, ಓಡತೊಡಗಿದಳು. ಕಂಬದ ಬಳಿ ಬರುವುದು, ಒಂದು ಕೈಯಿಂದ ಕಂಬ ಹಿಡಿದು ಮೈಯನ್ನು ಒಳಗೆ ಎಳೆದುಕೊಳ್ಳುವುದು, ಬೆನ್ನಟ್ಟಿದವಳು ಗಾಳಿ ಮುಟ್ಟಿ ಆಚೆ ಬೀಳುವುದು. ಚಿಕ್ಕತಾಯಮ್ಮ ಮೂರು ಸಲ ಬಿದ್ದಳು, ಮೂರು ಸಲವೂ ಬರಿಗೈ. ಅವಳು ಹಾಗೆ ಎದ್ದು ನಿಂತು ನಕ್ಕದ್ದನ್ನು ಮೊದಲ ಬಾರಿ ನೋಡಿದೆ. ಕೊನೆಗೆ ದೊಡ್ಡಿಯವರು ಒಂದು ಪಾಯಿಂಟಿನಲ್ಲಿ ಗೆದ್ದರು. ನಾನು ಸೀಟಿ ಊದಿದೆ. ಆ ಸಣ್ಣ ಹುಡುಗಿ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತೇ ಇದ್ದಳು.

ಮಧ್ಯಾಹ್ನದ ಫೈನಲ್ ನಾವು ಮತ್ತು ದೊಡ್ಡಿಯವರು. ಜೀಪು ಬಂತು, ಅಧಿಕಾರಿ ಎಳನೀರು ಮರೆತು ನೋಡಿದರು. ಗೆದ್ದವರು ಯಾರೆಂದು ನಾನು ಬೇರೆ ಹೇಳಬೇಕಿಲ್ಲ. ನಂಜುಂಡಯ್ಯನವರು ನನ್ನೊಡನೆ ಎರಡು ವಾರ ಮಾತಾಡಲಿಲ್ಲ. ಚಿಕ್ಕತಾಯಮ್ಮನ ಹೆಸರನ್ನು ಅಧಿಕಾರಿ ಮೊದಲಿಗೇ ಬರೆದುಕೊಂಡರು. ನಾನು ಗೆದ್ದ ಸೇನಾಪತಿಯ ನಡಿಗೆಯಲ್ಲಿ ಕೆಂಪಯ್ಯನ ಬಳಿ ಹೋದೆ. ಅವನು ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದ.

"ಏನಪ್ಪ ಕೆಂಪಯ್ಯ, ಈ ಸಲ ಅಕ್ಕಡಿ ಸಾಲು ಸರಿಯಾಗಿ ಬಿತ್ತಾ?"

ಅವನು ಎದ್ದು ಕೈಮುಗಿದ. ಕಣ್ಣು ತುಂಬಿತ್ತು. "ನಿಮ್ಮ ಋಣ ದೊಡ್ಡದು ಸ್ವಾಮಿ." ಆಮೇಲೆ ಬಸ್ ನಿಲ್ದಾಣದ ಕಡೆ ನೋಡುತ್ತ ಕೇಳಿದ: "ಬೆಳಿಗ್ಗೆ ಓಡ್ತಲ್ಲ, ಎರಡು ಜಡೆ ಮಗ. ಅದುನ್ನ ಯಾಕೆ ನಮ್ಮ ಪಕ್ಕಕ್ಕೇ ಹಾಕುದ್ರಿ?"

ಚೀಟಿಯಲ್ಲಿ ಬಂತು ಎಂದೆ. ದೇವರ ಇಚ್ಛೆ ಎಂದು ಸೇರಿಸುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಚೊಂಬು ಹೋಯಿತು, ಟೈಪು ಮಾಡಿದ ಪಟ್ಟಿ ಬಂತು, ಈಗ ಕಂಪ್ಯೂಟರಿನಲ್ಲಿ ಡ್ರಾ ಬರುತ್ತದೆ. ಕಂಪ್ಯೂಟರಿಗೂ ಆತಿಥೇಯ ಶಾಲೆಯ ಮೇಲೆ ಅಪಾರ ಗೌರವವಿರುವುದನ್ನು ನಾನು ಗಮನಿಸಿದ್ದೇನೆ. ಚಿಕ್ಕತಾಯಮ್ಮ ಹಾಸ್ಟೆಲಿನಲ್ಲಿ ಓದಿ, ರಾಜ್ಯಕ್ಕೆ ಆಡಿ, ಈಗ ಮಾಗಡಿ ಕಡೆ ನನ್ನದೇ ಕೆಲಸದಲ್ಲಿದ್ದಾಳೆ. ಹೋದ ವರ್ಷ ಒಂದು ಕ್ರೀಡಾಕೂಟಕ್ಕೆ ನನ್ನನ್ನು ಕರೆಸಿದ್ದಳು. ನಾನು ಹೋದಾಗ ಬಿಳಿ ಷರ್ಟಿನ ಮುಖ್ಯೋಪಾಧ್ಯಾಯರೊಬ್ಬರು ಅವಳ ಮೇಜಿನ ಮುಂದೆ ನಿಂತಿದ್ದರು.

"ಊಟದ ವ್ಯವಸ್ಥೆ ಎಲ್ಲಾ ನಮ್ಮದೇ ಮೇಡಂ. ಒಂದನೇ ಸೀಡ್ ಕೊಡ್ಲಿಲ್ಲ ಅಂದ್ರೆ ಹೆಂಗೆ?"

"ಸಾರ್, ಸೀಡು ಅಂದ್ರೆ ಮರ್ಯಾದೆ ಅಲ್ಲ, ದೂರ. ನಿಮ್ಮ ಮಕ್ಳು ಯಾರಿಂದ ದೂರ ಇರ್ಬೇಕು ಹೇಳಿ, ಇಡ್ತೀನಿ. ಮರ್ಯಾದೆಗೆ ಬೇಕಾದ್ರೆ ಶಾಲು ತರಿಸ್ತೀನಿ."

ಅವರು ಹೋದ ಮೇಲೆ ಅವಳು ನನಗೆ ಕುರ್ಚಿ ಎಳೆದಳು. ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸುತ್ತ ಕೇಳಿದಳು: "ಸಾರ್, ಆ ವರ್ಷ ಮೊದಲನೇ ಸುತ್ತಲ್ಲಿ ನಮ್ಮ ಎದುರು ಎರಡು ಜಡೆ ಹುಡುಗಿ ಇದ್ಲಲ್ಲ, ಹೆಸರು ನೆನಪೈತಾ?"

"ಇಲ್ಲಮ್ಮ."

"ನೀಲಮ್ಮ. ಆಟ ಮುಗಿದ್ಮೇಲೆ ನಾನೇ ಹೋಗಿ ಕೇಳಿದ್ದೆ, ಕಂಬದ ಹತ್ರ ಹಂಗೆ ತಿರುಗೋದು ಹೆಂಗೆ ಅಂತ. ಅಳ್ತಾ ಅಳ್ತಾನೇ ತೋರಿಸ್ಕೊಟ್ಲು. ಹಾಸ್ಟೆಲಲ್ಲಿ ಕೋಚ್ ಕೇಳಿದ್ರು, ಈ ತಿರುವು ಯಾರು ಕಲಿಸಿದ್ದು ಅಂತ. ನೀಲಮ್ಮ ಅಂದೆ. ಯಾವ ಶಾಲೆ ಟೀಚರು ಅಂದ್ರು." ಅವಳು ತಲೆ ಎತ್ತದೆ ಪೆನ್ಸಿಲ್ ಹೆರೆಯತೊಡಗಿದಳು. "ಆ ಮುಂದಿನ ವರ್ಷ ಅವಳು ಆಟಕ್ಕೆ ಬರ್ನಿಲ್ವಂತೆ ಸಾರ್. ಶಾಲೆಗೂ."

ಆ ವರ್ಷ ಗೋಡೆಗೆ ಅಂಟಿಸಿದ್ದ ಪಟ್ಟಿ ನನ್ನ ಟ್ರಂಕಿನಲ್ಲಿದೆ. ಮನೆಗೆ ಬಂದು ತೆಗೆದು ನೋಡಿದೆ. ಅಕ್ಷರ ನಿಜವಾಗಿಯೂ ಚೆಂದ. ಮೇಲ್ತುದಿಯಲ್ಲಿ ದೊಡ್ಡಿಯ ಶಾಲೆ, ಆವರಣದಲ್ಲಿ ಒಂದು ಎಂಬ ಅಂಕಿ, ಕೆಂಪು ಶಾಯಿಯ ಅಡಿಗೆರೆ. ಅದರ ಕೆಳಗಿನ ಮನೆಯಲ್ಲಿ ಸಾತನೂರು ಕಡೆಯ ಶಾಲೆಯ ಬರಿ ಹೆಸರಿದೆ. ಅದರ ಪಕ್ಕ 'ನೀಲಮ್ಮ, ಮೂರನೇ ಸೀಡ್' ಎಂದು ಬರೆದೆ. ಇಷ್ಟು ವರ್ಷದ ಮೇಲೆ ಮಾಡಿದ ತಿದ್ದುಪಡಿಗೆ ಮೇಲಧಿಕಾರಿಗಳ ಅನುಮೋದನೆ ಬೇಕಾಗುತ್ತದೆ. ನಾನು ಕೇಳಲಿಲ್ಲ.